ಖಾಲಿ ಫೈಲು ಇಡದ ರೆಕಾರ್ಡ್ ಅಕ್ಕ

ಗೇಟಿನ ಕಾವಲುಗಾರನಿಂದ ಹಿಡಿದು ಆಪರೇಷನ್ ಮಾಡುವ ಸರ್ಜನ್‌ವರೆಗೆ ಆ ಆಸ್ಪತ್ರೆಯಲ್ಲಿ ಎಲ್ಲರಿಗೂ ಅವಳು ರೆಕಾರ್ಡ್ ಅಕ್ಕ. ಅವಳಿಗಿಂತ ಹತ್ತು ವರ್ಷ ಹಿರಿಯರ ಬಾಯಲ್ಲೂ ಅಕ್ಕನೇ. ನೆಲಮಾಳಿಗೆಯ ರೆಕಾರ್ಡ್ ರೂಮಿನಲ್ಲಿ ಇಪ್ಪತ್ತಾರು ವರ್ಷ ಕೂತು, ಯಾವ ರೋಗಿ ಯಾವಾಗ ಬಂದ, ಏನಾಗಿತ್ತು, ಏನು ಮಾಡಿದರು, ಹೇಗೆ ಹೋದ ಎಂಬುದನ್ನೆಲ್ಲ ರಟ್ಟಿನ ಫೈಲುಗಳಲ್ಲಿ ಕಾಯ್ದವಳು. ಮೇಲಿಂದ ನರ್ಸ್ ಓಡಿಬಂದು ಫೈಲಿನ ನಂಬರನ್ನು ಮೇಜಿನ ಮೇಲೆ ಇಟ್ಟರೆ, ಬಂದವಳು ಉಸಿರು ಸುಧಾರಿಸಿಕೊಳ್ಳುವಷ್ಟರಲ್ಲಿ ಫೈಲು ಅವಳ ಕೈಯಲ್ಲಿರುತ್ತಿತ್ತು.

ಅವಳ ಅಚ್ಚುಕಟ್ಟಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಆ ರೂಮಿನಲ್ಲಿ ಒಂದು ಕಟ್ಟಪ್ಪಣೆಯಿತ್ತು: ಖಾಲಿ ಫೈಲು ಕಪಾಟಿನಲ್ಲಿ ಇರಕೂಡದು. ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಖಾಲಿ ರಟ್ಟು ಹೇಗೋ ಎರಡು ಫೈಲುಗಳ ನಡುವೆ ನುಸುಳಿ, ಡಾಕ್ಟರೊಬ್ಬರು ಅದನ್ನೇ ರೋಗಿಯ ಫೈಲೆಂದು ತಿಳಿದು, ಯಾವ ಪರೀಕ್ಷೆಯೂ ಆಗಿಲ್ಲವೆಂದು ರೋಗಿಯ ರಕ್ತಪರೀಕ್ಷೆಗಳನ್ನೆಲ್ಲ ಎರಡನೇ ಸಲ ಮಾಡಿಸಿದ್ದರು. ಅವಳಿಗೆ ಕೆಲಸ ಕಲಿಸಿದ ಮುದಿ ಗುಮಾಸ್ತರು ಅಂದು ಬೈಯಲಿಲ್ಲ. “ಖಾಲಿ ಫೈಲು ಸುಳ್ಳು ಹೇಳುತ್ತೆ ಕಣಮ್ಮ, ಕಂಡ ತಕ್ಷಣ ತೆಗೆದುಬಿಡು” ಎಂದರು, ಅಷ್ಟೇ. ಅಂದಿನಿಂದ ಅಕ್ಕ ತೆಗೆಯುತ್ತಲೇ ಬಂದಳು. ತೆಗೆದದ್ದನ್ನು ಒಂದು ಉದ್ದನೆಯ ಪುಸ್ತಕದಲ್ಲಿ ಬರೆಯುತ್ತಿದ್ದಳು: ತಾರೀಖು, ಏನು ತೆಗೆದದ್ದು, ಯಾಕೆ, ಸಹಿ. ಹರಿದ ದಾರವೊಂದನ್ನು ಕಸದ ಬುಟ್ಟಿಗೆ ಹಾಕಿದರೂ ಬರೆಯುತ್ತಾಳೆ ಎಂದು ಮೇಲಿನ ಮಹಡಿಯವರು ನಗುತ್ತಿದ್ದರು. ನಗುವವರು ನಗಲಿ. ಅವಳ ರೂಮಿನಲ್ಲಿ ಆಮೇಲೆ ಒಂದು ಕಾಗದವೂ ಕಳೆಯಲಿಲ್ಲ.

ಇಷ್ಟು ನೆಮ್ಮದಿಯಾಗಿದ್ದವಳ ತಲೆಯ ಮೇಲೆ ಆ ವಾರ ಒಂದು ಕತ್ತಿ ತೂಗುತ್ತಿತ್ತು. ಆಸ್ಪತ್ರೆಗೆ ಜಾಗ ಸಾಲದು. ನೆಲಮಾಳಿಗೆಯಲ್ಲಿ ರೋಗಿಗಳ ಸ್ಕ್ಯಾನಿಂಗ್ ಯಂತ್ರ ಕೂರಿಸೋಣ, ಹಳೆ ಫೈಲುಗಳನ್ನು ಊರಾಚೆಯ ಗೋದಾಮಿಗೆ ಸಾಗಿಸೋಣ, ಅಕ್ಕನನ್ನು ಮುಂದಿನ ಬಾಗಿಲಿನ ನೋಂದಣಿ ಕೌಂಟರಿಗೆ ಹಾಕೋಣ ಎಂದು ಆಡಳಿತ ಮಂಡಳಿಯವರು ಮಾತಾಡಿಕೊಂಡಿದ್ದರು. ಆಸ್ಪತ್ರೆಯ ಮುಖ್ಯಸ್ಥರನ್ನು ಎಲ್ಲರೂ ದೊಡ್ಡ ಡಾಕ್ಟರು ಎನ್ನುತ್ತಿದ್ದರು. ಒರಟು ಮಾತಿನವರಾದರೂ ನ್ಯಾಯದ ಮನುಷ್ಯ. ಸೋಮವಾರ ಅವರೇ ಮೆಟ್ಟಿಲಿಳಿದು ಬಂದು ಹೇಳಿದರು: “ನೋಡಿ ಅಕ್ಕ, ಐದು ವರ್ಷದಿಂದ ಫೈಲುಗಳನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕ್ತಾ ಬಂದಿದೀರಿ. ಅದು ವಾರ್ಡುಗಳಲ್ಲಿ ಕಾಣೋ ಹಾಗಾದ್ರೆ, ಅದನ್ನ ನಡೆಸೋ ಜಾಗ ಅಂತ ಈ ರೂಮು ಉಳಿಸೋಕೆ ನನ್ನ ಹತ್ರ ಒಂದು ಕಾರಣ ಇರುತ್ತೆ. ಗುರುವಾರ ಮೂರು ಗಂಟೆಗೆ ನನಗೆ ತೋರಿಸಿ. ಆಗ್ಲಿಲ್ಲ ಅಂದ್ರೆ ಒಂದನೇ ತಾರೀಖಿಂದ ಕೌಂಟರು.”

ಕೌಂಟರಿಗೆ ಹೋದರೆ ಏನಂತೆ, ಗಾಳಿ ಬೆಳಕಿನ ಜಾಗ, ನಾಲ್ಕು ಜನರ ಮುಖ ನೋಡಬಹುದು ಎಂದು ನರ್ಸ್‌ಗಳು ಸಮಾಧಾನ ಹೇಳಿದರು. ಅವರಿಗೇನು ಗೊತ್ತು. ಅಕ್ಕನಿಗೆ ಬಲಗಿವಿ ಕೇಳಿಸುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಒಂದು ಜ್ವರ ಬಂದು ಹೋಗುವಾಗ ಅದನ್ನೂ ಜೊತೆಗೆ ತೆಗೆದುಕೊಂಡು ಹೋಗಿತ್ತು. ಒಂದು ತಿಂಗಳಲ್ಲಿ ಸರಿಹೋದೀತು ಎಂದು ಕಾದಳು, ಆಮೇಲೆ ಹೇಳಲು ತಡವಾಯಿತು ಎನ್ನಿಸಿತು, ಇನ್ನೂ ತಡವಾದ ಮೇಲೆ ನಾಚಿಕೆಯಾಯಿತು. ಆಸ್ಪತ್ರೆಯಲ್ಲೇ ಇದ್ದು ಕಿವಿ ತೋರಿಸಿಕೊಳ್ಳಲಿಲ್ಲವೇ ಎಂದು ಕೇಳಿದರೆ ಯಾವ ಮುಖ ಇಟ್ಟುಕೊಂಡು ಉತ್ತರ ಕೊಡುವುದು? ಫೋನನ್ನು ಎಡಗಿವಿಗೆ ಹಿಡಿದಳು. ಬಂದವರಿಗೆಲ್ಲ ಮಾತು ಬೇಡ, ನಂಬರ್ ಬರೆದುಕೊಡಿ ಎಂದು ಹೊಸ ನಿಯಮ ಮಾಡಿದಳು. ನೆಲಮಾಳಿಗೆಯ ನಿಶ್ಶಬ್ದದಲ್ಲಿ ಒಂದೇ ಕಿವಿ ಧಾರಾಳ ಸಾಕಾಗಿತ್ತು.

ಕೌಂಟರಿನ ಕತೆಯೇ ಬೇರೆ. ಹೋದ ವರ್ಷ ಅಲ್ಲಿಯ ಗುಮಾಸ್ತೆ ರಜೆ ಹಾಕಿದಾಗ ಎರಡು ದಿನ ಕೂತು ಬಂದಿದ್ದಳು. ಗಾಜು, ಗಾಜಿನಲ್ಲೊಂದು ಅಂಗೈಯಗಲದ ತೂತು, ಆಚೆ ನೂರು ಜನರ ಗಲಾಟೆ, ತಲೆಯ ಮೇಲೆ ಗೊರಗುಟ್ಟುವ ಫ್ಯಾನು. ಒಬ್ಬ ಮುದುಕರ ಹೆಸರನ್ನು ನಾಲ್ಕು ಸಲ ಕೇಳಿದಳು. ಐದನೇ ಸಲಕ್ಕೆ ಅವರು, “ನಿನಗೇ ಮೊದಲು ಡಾಕ್ಟರ್ ಬೇಕು ಕಣಮ್ಮ” ಎಂದುಬಿಟ್ಟರು. ಸಾಲಿಗೆ ಸಾಲೇ ನಕ್ಕಿತು. ಆ ನಗು ಮಾತ್ರ ಅವಳಿಗೆ ಸ್ಪಷ್ಟವಾಗಿ ಕೇಳಿಸಿತ್ತು. ಇನ್ನು ದಿನಾ ಅಲ್ಲಿ ಕೂತರೆ ವಾರದೊಳಗೆ ಗುಟ್ಟು ರಟ್ಟಾಗುತ್ತದೆ, ಕಿವಿ ಕೇಳದವಳನ್ನು ಯಾಕಿಟ್ಟುಕೊಂಡಿದ್ದೀರಿ ಎನ್ನುವ ಮಾತು ಬರುತ್ತದೆ, ಇಪ್ಪತ್ತಾರು ವರ್ಷದ ಮರ್ಯಾದೆ ಮೂರು ಕಾಸಿಗೆ ಹೋಗುತ್ತದೆ. ಹೀಗಾಗಿ ಗುರುವಾರ ಮೂರು ಗಂಟೆ ಎಂದರೆ ಅವಳ ಎದೆ ಹೊಡೆದುಕೊಳ್ಳುತ್ತಿತ್ತು.

ವಾರ್ಡಿನಲ್ಲಿ ಫೈಲು ಕಾಣಬೇಕಾದರೆ ಬೇಕಾದದ್ದು ವೆಬ್ ಸರ್ವರ್ ಎಂಬ ಒಂದು ಪ್ರೋಗ್ರಾಮು. ಅದರ ಕೆಲಸ ಅಕ್ಕನ ಕೆಲಸವೇ. ಕಂಪ್ಯೂಟರಿನೊಳಗೆ ಕೂತು, ಯಾವ ವಾರ್ಡಿನಿಂದ ಯಾವ ಪುಟ ಕೇಳಿದರೂ ತೆಗೆದು ಕೊಡುವುದು. ಫೈಲು ಹುಡುಕುವ ಪುಟಗಳನ್ನು ಬರೆದುಕೊಟ್ಟಿದ್ದ ಪ್ರೋಗ್ರಾಮರ್ ಬೇರೆ ಕೆಲಸ ಹಿಡಿದು ಹೋಗಿದ್ದ. ಹೋಗುವಾಗ ಒಂದು ಪೆನ್ ಡ್ರೈವ್‌ನಲ್ಲಿ ಎಲ್ಲವನ್ನೂ ಕಟ್ಟಿಕೊಟ್ಟು, ಒಂದು ಹಾಳೆಯಲ್ಲಿ ಏಳು ಹೆಜ್ಜೆ ಬರೆದಿಟ್ಟಿದ್ದ. “ಇದನ್ನ ನೋಡ್ಕೊಂಡು ಯಾರು ಬೇಕಾದ್ರೂ ಮಾಡಬಹುದು ಅಕ್ಕ” ಎಂದಿದ್ದ. ಯಾರು ಬೇಕಾದರೂ ಮಾಡಬಹುದಾದ ಕೆಲಸವೇ ಸಾಮಾನ್ಯವಾಗಿ ಕೈ ಕೊಡುವುದು.

ಸೋಮವಾರ ಮಧ್ಯಾಹ್ನ ಹೊಸ ಕಂಪ್ಯೂಟರ್ ಬಂತು. ಅಕ್ಕ ಕನ್ನಡಕ ಒರೆಸಿಕೊಂಡು, ಹಾಳೆಯನ್ನು ಗೋಡೆಗೆ ಅಂಟಿಸಿ, ಒಂದೊಂದು ಹೆಜ್ಜೆ ಮುಗಿದಂತೆ ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತ ಹೋದಳು. ಪೆನ್ ಡ್ರೈವ್‌ನ ಗಂಟು ಬಿಚ್ಚಿದಳು. ಹೊಸ ಮನೆಗೆ ಕಾಲಿಟ್ಟವರು ಮೊದಲು ಕಸಬರಿಕೆ ಹಿಡಿಯುವಂತೆ, ಒಳಗೆ ಏನೇನಿದೆ ಎಂದು ನೋಡಿ, ಏನೂ ಇಲ್ಲದ ಒಂದೆರಡು ಫೋಲ್ಡರುಗಳನ್ನು ತೆಗೆದುಹಾಕಿ ಚೊಕ್ಕ ಮಾಡಿದಳು. ಸ್ಕ್ಯಾನ್ ಮಾಡಿದ ಫೈಲುಗಳನ್ನೆಲ್ಲ ತಂದು ಸುರಿದಳು. ಏಳನೇ ಹೆಜ್ಜೆಯಲ್ಲಿ ಬರೆದಿದ್ದಂತೆ ಸರ್ವರ್‌ನ ಗುರುತಿನ ಮೇಲೆ ಎರಡು ಸಲ ಒತ್ತಿದಳು.

ಪರದೆಯ ಮೇಲೆ ಒಂದು ಕಪ್ಪು ಚೌಕ ಪ್ರತ್ಯಕ್ಷವಾಗಿ, ಕಣ್ಣು ಮಿಟುಕಿಸುವುದರೊಳಗೆ ಮಾಯವಾಯಿತು. ಆಮೇಲೆ ಏನೂ ಇಲ್ಲ. ಪುಟ ತೆರೆಯಲು ಹೋದರೆ, ಆ ವಿಳಾಸದಲ್ಲಿ ಯಾರೂ ಉತ್ತರ ಕೊಡುತ್ತಿಲ್ಲ ಎಂಬ ಸಾಲು ಬಂತು. ಮತ್ತೆ ಒತ್ತಿದಳು, ಮತ್ತೆ ಅದೇ. ಹುಟ್ಟಿದ ಕ್ಷಣದಲ್ಲೇ ಪ್ರಾಣ ಬಿಡುವ ಆ ಪ್ರೋಗ್ರಾಮನ್ನು ಅವಳು ಅಂದು ಸಂಜೆಯೊಳಗೆ ನಲವತ್ತು ಸಲವಾದರೂ ಎಬ್ಬಿಸಿರಬೇಕು. ಒಂದು ಸಲವೂ ಅದು ಯಾಕೆ ಹೋಗುತ್ತಿದ್ದೇನೆ ಎಂದು ಹೇಳಿ ಹೋಗಲಿಲ್ಲ.

ಮಂಗಳವಾರ ಎಲ್ಲವನ್ನೂ ಅಳಿಸಿ, ಗಂಟನ್ನು ಹೊಸದಾಗಿ ಬಿಚ್ಚಿ, ಮೊದಲಿಂದ ಶುರುಮಾಡಿದಳು. ಒಂದು ಹೆಜ್ಜೆಯನ್ನೂ ಬಿಡಲಿಲ್ಲ. ಗುಡಿಸುವುದನ್ನೂ ಬಿಡಲಿಲ್ಲ. ಫಲ ಅದೇ. ಎಲೆಕ್ಟ್ರಿಷಿಯನ್‌ನನ್ನು ಕರೆದಳು. ಅವನು ಪ್ಲಗ್ಗನ್ನು ಕಿತ್ತು, ಊದಿ, ಮತ್ತೆ ಸಿಕ್ಕಿಸಿ, “ವೋಲ್ಟೇಜ್ ಪ್ರಾಬ್ಲಂ ಅಕ್ಕ” ಎಂದು ತೀರ್ಪು ಕೊಟ್ಟು ಟೀ ಕುಡಿದು ಹೋದ. ಅವನ ಲೆಕ್ಕದಲ್ಲಿ ಜಗತ್ತಿನ ತಾಪತ್ರಯವೆಲ್ಲ ವೋಲ್ಟೇಜಿನದೇ. ಹೋದ ವರ್ಷ ಅವನ ಮಗಳು ಗಣಿತದಲ್ಲಿ ಫೇಲಾದಾಗ ಮಾತ್ರ ಮೇಷ್ಟರನ್ನು ಬೈದಿದ್ದ, ಅದೊಂದು ದೊಡ್ಡ ಮನಸ್ಸು.

ಪ್ರೋಗ್ರಾಮರ್‌ಗೆ ಮೆಸೇಜು ಕಳಿಸಿದಳು. ಮಧ್ಯಾಹ್ನ ಉತ್ತರ ಬಂತು: “ಎರರ್ ಲಾಗ್ ಅಂತ ಒಂದು ಫೈಲ್ ಇರುತ್ತೆ ಅಕ್ಕ. ಸರ್ವರ್ ಸಾಯೋ ಮುಂಚೆ ಕಾರಣ ಬರೆದಿಟ್ಟೇ ಸಾಯುತ್ತೆ. ಅದನ್ನ ಕಳಿಸಿ.” ಅಕ್ಕ ಕಂಪ್ಯೂಟರನ್ನು ಜಾಲಾಡಿದಳು. ಫೈಲು ಹುಡುಕುವುದರಲ್ಲಿ ಅವಳನ್ನು ಮೀರಿಸಿದವರುಂಟೇ? ಆದರೂ ಸಿಗಲಿಲ್ಲ. “ಅಂಥದ್ದೇನೂ ಇಲ್ಲಪ್ಪ” ಎಂದು ಬರೆದಳು. “ಇರದೇ ಇರೋಕೆ ಸಾಧ್ಯನೇ ಇಲ್ಲ. ವಿಮಾನ ಹತ್ತುತಿದೀನಿ, ಶುಕ್ರವಾರ ಸಿಗ್ತೀನಿ” ಎಂದು ಅವನು ಬರೆದು ಮಾಯವಾದ. ಶುಕ್ರವಾರ ಸಿಕ್ಕಿ ಏನು ಮಾಡುವುದು, ಗುರುವಾರಕ್ಕೆ ಗಂಡಾಂತರ ಇರುವವಳು?

ಬುಧವಾರ ಮೂರನೇ ಸಲ ಎಲ್ಲವನ್ನೂ ಅಳಿಸಿ ಹಾಕಿದಳು. ಕಪ್ಪು ಚೌಕ ಬಂತು, ಹೋಯಿತು. ಅಕ್ಕ ತಲೆಯ ಮೇಲೆ ಕೈ ಹೊತ್ತು ಕೂತಳು. ಮನೆಗೆ ಹೋಗುವಾಗ ದಾರಿ ಬದಲಿಸಿ, ಮುಂದಿನ ಬಾಗಿಲಿನಿಂದ ಹೋದಳು. ಕೌಂಟರಿನ ಸಾಲು ಹೊರಗಿನ ಮೆಟ್ಟಿಲವರೆಗೂ ಬೆಳೆದಿತ್ತು. ಒಂದು ನಿಮಿಷ ನಿಂತು ನೋಡಿದಳು, ಬೇಗ ಬೇಗ ನಡೆದಳು.

ಗುರುವಾರ ಬೆಳಿಗ್ಗೆ ಗಡಿಬಿಡಿಯಲ್ಲಿ ಊಟದ ಡಬ್ಬಿ ಮರೆತು ಬಂದಿದ್ದಳು. ಒಂದು ಗಂಟೆಗೆ ಅದನ್ನು ಹಿಡಿದುಕೊಂಡು ಅವಳ ಯಜಮಾನರು ಮೆಟ್ಟಿಲಿಳಿದು ಬಂದರು. ಹೊಲಿಗೆ ಯಂತ್ರದ ಮೆಕ್ಯಾನಿಕ್ ಆಗಿದ್ದವರು. ನಲವತ್ತು ವರ್ಷ ಯಂತ್ರ ಬಿಚ್ಚಿ ಕಟ್ಟಿ, ಮೂರು ವರ್ಷದ ಹಿಂದೆ ಅಂಗಡಿ ಮುಚ್ಚಿದ್ದರು. ಒಂದು ಕಾಲಕ್ಕೆ ಗಿರಾಕಿಗಳ ಸುದ್ದಿ ಹೇಳುತ್ತ ಮನೆ ತುಂಬುತ್ತಿದ್ದ ಮನುಷ್ಯ ಈಚೆಗೆ ಮೂಕರಂತಾಗಿದ್ದರು. ಡಬ್ಬಿಯನ್ನು ಮೇಜಿನ ಮೇಲಿಟ್ಟು ಹೊರಡಬೇಕೆಂದಿದ್ದವರು ಹೆಂಡತಿಯ ಮುಖ ನೋಡಿ, ಎದುರಿನ ಸ್ಟೂಲಿನ ಮೇಲೆ ಕೂತರು.

“ಏನಾಯ್ತು?”

ಎದುರಿಗೆ ಕೂತದ್ದರಿಂದ ಅವಳಿಗೆ ಚೆನ್ನಾಗಿ ಕೇಳಿಸಿತು. ಅಳು ಒತ್ತರಿಸಿ ಬಂತು. ಮೂರು ದಿನದ ಕತೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು, ಕಿವಿಯೊಂದನ್ನು ಬಿಟ್ಟು.

ಯಜಮಾನರಿಗೆ ಕಂಪ್ಯೂಟರಿನ ತಲೆಬುಡ ಗೊತ್ತಿರಲಿಲ್ಲ. ಸುಮ್ಮನೆ ಪರದೆಯನ್ನೂ ಗೋಡೆಯ ಹಾಳೆಯನ್ನೂ ನೋಡಿದರು. “ಬರುವಾಗ ಸರಿ ಇತ್ತಾ?” ಎಂದರು.

“ಸರಿಯಾಗೇ ಇರ್ಬೇಕು. ಆ ಪ್ರೋಗ್ರಾಮರ್ ಬೇರೆ ಆಸ್ಪತ್ರೆಗಳಲ್ಲೂ ಇದನ್ನೇ ಹಾಕಿದಾನಂತೆ, ಅಲ್ಲೆಲ್ಲ ನಡೀತಿದೆ.”

“ಹಾಗಾದ್ರೆ ಬಂದ ಮೇಲೆ ಏನೋ ಆಗಿದೆ. ಅಂಗಡಿಗೆ ಕೆಲವರು ಬರೋರು, ಯಂತ್ರ ತಾವೇ ಬಿಚ್ಚಿ ಎಣ್ಣೆ ಹಾಕಿ ಕಟ್ಟಿರ್ತಾರೆ, ಓಡಲ್ಲ. ನಾನು ಯಂತ್ರ ನೋಡ್ತಿರ್ಲಿಲ್ಲ. ಕಟ್ಟಿದ ಮೇಲೆ ಏನು ಉಳೀತು, ಅದನ್ನ ತನ್ನಿ ಅಂತಿದ್ದೆ. ಮನೆಗೆ ಹೋಗಿ ಒಂದು ಸ್ಪ್ರಿಂಗೋ ವಾಷರ್ರೋ ತರೋರು. ಅದು ಬೇಕಾಗಿಲ್ಲ ಅಂದ್ಕೊಂಡಿದ್ವಿ ಅನ್ನೋರು.” ಪರದೆಯತ್ತ ಬೊಟ್ಟು ಮಾಡಿ ಕೇಳಿದರು: “ನೀನೇನಾದ್ರೂ ತೆಗೆದ್ಯಾ?”

“ನಾನ್ಯಾಕೆ ತೆಗೀಲಿ? ಹಾಳೇಲಿ ಇದ್ದ ಹಾಗೇ ಮಾಡಿದೀನಿ” ಎಂದು ಅಕ್ಕ ಸಿಡುಕಿದಳು.

“ತೆಗೆದಿದ್ರೆ ಬರೆದಿರ್ತೀಯಲ್ಲ. ಪುಸ್ತಕ ನೋಡು.”

ಅಕ್ಕ ಪುಸ್ತಕ ಎಳೆದುಕೊಂಡಳು, ಗಂಡನ ಬಾಯಿ ಮುಚ್ಚಿಸುವುದಕ್ಕೆಂದೇ. ಕೊನೆಯ ಪುಟ ತೆರೆದಳು. ಅವಳದೇ ದುಂಡು ಅಕ್ಷರ. ಸೋಮವಾರ: ಖಾಲಿ ಫೋಲ್ಡರು ಎರಡು, ಒಂದು ಲಾಗ್ಸ್, ಇನ್ನೊಂದು ಟೆಂಪ್. ಒಳಗೆ ಏನೂ ಇಲ್ಲದ ಕಾರಣ ತೆಗೆದಿದೆ. ಸಹಿ. ಮಂಗಳವಾರ: ಖಾಲಿ ಫೋಲ್ಡರು ಎರಡು, ಅವೇ. ಸಹಿ. ಬುಧವಾರ: ಅವೇ ಎರಡು, ಮತ್ತೆ ಬಂದಿದ್ದವು, ತೆಗೆದಿದೆ. ಸಹಿ.

ಅಕ್ಕ ಆ ಮೂರು ಸಾಲಿನ ಮೇಲೂ ಬೆರಳಾಡಿಸಿದಳು. ಮೂರು ದಿನ ಮೂರು ಸಲ ತನ್ನ ಕೈಯಾರೆ ತೆಗೆದು, ಮೂರು ಸಲ ಮುತ್ತಿನಂತೆ ಬರೆದು, ಕೆಳಗೆ ಸಹಿಯನ್ನೂ ಹಾಕಿ, ಆಮೇಲೆ ಊರೆಲ್ಲ ಕಳ್ಳನನ್ನು ಹುಡುಕಿದ್ದಳು. ಎಲೆಕ್ಟ್ರಿಷಿಯನ್‌ನನ್ನು ನೋಡಿ ನಕ್ಕವರು ಈಗ ಅವಳನ್ನು ನೋಡಿ ನಗಬಹುದು. ಕಸ ಗುಡಿಸಿದ್ದು ಯಾರಿಗೆ ನೆನಪಿರುತ್ತದೆ, ಅವಳಿಗೂ ಇರಲಿಲ್ಲ. ಕಿವಿಯವರೆಗೆ ಮುಖ ಕೆಂಪಾಯಿತು.

“ಅದರಲ್ಲಿ ಏನೂ ಇರ್ಲಿಲ್ಲ ರೀ” ಎಂದಳು, ಚಿಕ್ಕ ಮಗುವಿನ ಹಾಗೆ.

“ಈಗ ಇಲ್ಲದೆ ಇರಬಹುದು. ಆಮೇಲೆ ಏನಾದ್ರೂ ಇಡೋಕೆ ಜಾಗ ಇರಬಹುದಲ್ಲ. ಯಂತ್ರದಲ್ಲಿ ದಾರದ ಬಾಬಿನ್ ಕೂರೋ ಗೂಡೂ ಖಾಲಿನೇ ಇರುತ್ತೆ” ಎಂದರು ಯಜಮಾನರು. ಗಂಡ ನಗಲಿಲ್ಲ ಎಂಬುದನ್ನು ಅಕ್ಕ ಗಮನಿಸಿದಳು.

ಗಡಿಯಾರ ಒಂದೂ ಮುಕ್ಕಾಲು ತೋರಿಸುತ್ತಿತ್ತು. ಅಕ್ಕ ಎರಡೂ ಫೋಲ್ಡರುಗಳನ್ನು ಒಟ್ಟಿಗೆ ಮಾಡಲು ಹೊರಟಳು. ಯಜಮಾನರು ಕೈ ಅಡ್ಡ ಹಿಡಿದರು. “ಒಂದೊಂದೇ ಹಾಕು. ಎರಡೂ ಒಟ್ಟಿಗೆ ಹಾಕಿದ್ರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ. ಮುಂದಿನ ಸಲ ಕೆಟ್ಟರೆ ಮತ್ತೆ ಕತ್ತಲೆ.” ಸಮಯವಿಲ್ಲದ ಹೊತ್ತಿನಲ್ಲೂ ಈ ಮನುಷ್ಯನಿಗೆ ತಾಳ್ಮೆ ಎಲ್ಲಿಂದ ಬರುತ್ತದೋ ಎಂದು ಅವಳಿಗೆ ಉರಿಯಿತು, ಆದರೂ ಮಾತು ಕೇಳಿದಳು. ಲಾಗ್ಸ್ ಎಂಬ ಹೆಸರಿನ ಒಂದು ಹೊಸ ಫೋಲ್ಡರು ಮಾಡಿ, ಸರ್ವರ್‌ನ ಗುರುತಿನ ಮೇಲೆ ಒತ್ತಿದಳು.

ಕಪ್ಪು ಚೌಕ ಬಂತು, ಹೋಯಿತು.

“ಆಗ್ಲಿಲ್ಲ” ಎಂದಳು.

“ಆ ಗೂಡಿನೊಳಗೆ ನೋಡು, ಈಗಲೂ ಖಾಲಿನಾ?”

ಖಾಲಿಯಿರಲಿಲ್ಲ. ಎರರ್ ಎಂಬ ಹೆಸರಿನ ಒಂದು ಪುಟಾಣಿ ಫೈಲು ಅಲ್ಲಿ ಬಂದು ಕೂತಿತ್ತು. ಪ್ರೋಗ್ರಾಮರ್ ಕೇಳಿದ್ದ ಫೈಲು ಅದೇ. ಬಿಚ್ಚಿದರೆ ಒಂದೇ ಸಾಲು. ಅಕ್ಕ ಕನ್ನಡಕ ಮೇಲೇರಿಸಿ, ತೊಡರುತ್ತ ತೊಡರುತ್ತ ಓದಿ, ಗಂಡನಿಗೆ ಅರ್ಥ ಹೇಳಿದಳು: ಟೆಂಪ್ ಎಂಬ ಜಾಗ ಸಿಗಲಿಲ್ಲ, ಆದ್ದರಿಂದ ಮುಂದೆ ಹೋಗಲಾಗಲಿಲ್ಲ.

ಅದನ್ನು ಓದಿದಾಗ ಅವಳಿಗೆ ಆದದ್ದು ಬರೀ ಸಂತೋಷವಲ್ಲ. ಮೂರು ದಿನದಿಂದ ಅದು ಹಟಕ್ಕೆ ಬಿದ್ದು ಸಾಯುತ್ತಿದೆ ಎಂದುಕೊಂಡಿದ್ದಳು, ಮನಸ್ಸಿನಲ್ಲೇ ಶಪಿಸಿಯೂ ಇದ್ದಳು. ಪಾಪ, ಅದಕ್ಕೆ ಹೇಳುವುದಿತ್ತು. ಹೇಳಿಕೊಳ್ಳಲು ಇದ್ದ ಒಂದೇ ಜಾಗವನ್ನು ಅವಳೇ ಗುಡಿಸಿ ಹಾಕಿದ್ದಳು. ಅಕ್ಕ ಆ ಒಂದು ಸಾಲನ್ನು ಎರಡು ಸಲ ಓದಿಕೊಂಡಳು. ಆಮೇಲೆ ಟೆಂಪ್ ಎಂಬ ಇನ್ನೊಂದು ಫೋಲ್ಡರು ಮಾಡಿ ಒತ್ತಿದಳು.

ಈ ಸಲವೂ ಕಪ್ಪು ಚೌಕ ಬಂದು ಹೋಯಿತು, ಆದರೆ ವಿಳಾಸ ಬರೆದರೆ ಪುಟ ತೆರೆದುಕೊಂಡಿತು. ನೀಲಿ ಪಟ್ಟಿ, ಆಸ್ಪತ್ರೆಯ ಚಿತ್ರ, ಫೈಲ್ ನಂಬರ್ ಹಾಕಿ ಎಂಬ ಉದ್ದನೆಯ ಖಾನೆ. ಅಕ್ಕ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಕೂಡಲೇ ಮೂರನೇ ಮಹಡಿಗೆ ಫೋನು ಮಾಡಿ, ಹಿರಿಯ ನರ್ಸ್‌ಗೆ ವಿಳಾಸ ಹೇಳಿ, ಒಂದು ಹಳೆ ನಂಬರು ಕೊಟ್ಟಳು. ಆ ಕಡೆ ಕೀಲಿ ಒತ್ತುವ ಸದ್ದು, ಆಮೇಲೆ ನರ್ಸ್‌ನ ಮಾತು: “ಬಂತು ಅಕ್ಕ. ಹನ್ನೆರಡು ಪುಟ ಇದೆ. ನಿಮ್ಮ ಸ್ಟಾಂಪು ಕೂಡ ಕಾಣ್ತಿದೆ.” ಹೋದ ಜೀವ ಬಂದಂತಾಯಿತು. ಅಕ್ಕ ಕುರ್ಚಿಯಲ್ಲಿ ದೊಪ್ಪನೆ ಕೂತಳು. “ಈಗ ಊಟ ಮಾಡು” ಎಂದರು ಯಜಮಾನರು. ಅವಳು ಮೂರು ದಿನದಲ್ಲಿ ಮೊದಲ ಸಲ ರುಚಿ ತಿಳಿದು ಉಂಡಳು.

ದೊಡ್ಡ ಡಾಕ್ಟರು ಬಂದದ್ದು ಮೂರೂ ಹತ್ತಕ್ಕೆ. ಯಜಮಾನರು ಹೊರಗಿನ ಬೆಂಚಿನಲ್ಲಿ ಹೋಗಿ ಕೂತಿದ್ದರು. ಡಾಕ್ಟರು ಮೊದಲು ಅಕ್ಕನ ಕಂಪ್ಯೂಟರಿನಲ್ಲಿ ನೋಡಲಿಲ್ಲ. ಮೇಲೆ ತಮ್ಮ ಕೋಣೆಯಲ್ಲಿ ಕೂತು ಹದಿನಾಲ್ಕು ವರ್ಷ ಹಿಂದಿನ ಒಂದು ಫೈಲನ್ನು ತೆರೆದು ನೋಡಿ, ನಡುವಿನ ಒಂದು ಪುಟ ಓರೆಯಾಗಿ ಸ್ಕ್ಯಾನ್ ಆಗಿದೆ ಎಂದು ಆಕ್ಷೇಪಣೆಯನ್ನೂ ಗುರುತು ಹಾಕಿಕೊಂಡೇ ಇಳಿದು ಬಂದಿದ್ದರು.

“ಅದೊಂದು ಪುಟ ಮತ್ತೆ ಸ್ಕ್ಯಾನ್ ಮಾಡಿ” ಎಂದರು.

“ಆಗಲಿ ಸರ್. ಮಿಕ್ಕದ್ದು?”

“ಮಿಕ್ಕದ್ದು ಸರಿ ಇದೆ. ಮಂಡಳಿಗೆ ಇವತ್ತೇ ಬರೀತೀನಿ. ರೂಮು ಇಲ್ಲೇ ಇರಲಿ, ನೀವೂ ಇಲ್ಲೇ ಇರಿ. ಸ್ಕ್ಯಾನಿಂಗ್ ಯಂತ್ರಕ್ಕೆ ಸೈಕಲ್ ಸ್ಟ್ಯಾಂಡ್ ಜಾಗ ನೋಡ್ತೀವಿ.” ಬಾಗಿಲವರೆಗೆ ಹೋದವರು ತಿರುಗಿ ನಿಂತರು. “ಮೂರು ದಿನ ನಡೀಲಿಲ್ಲವಂತಲ್ಲ, ಏನಾಗಿತ್ತು?”

ಸುಳ್ಳು ಹೇಳಬಹುದಿತ್ತು. ವೋಲ್ಟೇಜು ಎಂದಿದ್ದರೂ ನಡೆಯುತ್ತಿತ್ತು. ಅಕ್ಕ ಪುಸ್ತಕವನ್ನೇ ಅವರ ಮುಂದೆ ತಿರುಗಿಸಿ ಹಿಡಿದಳು. ಡಾಕ್ಟರು ಮೂರು ಸಾಲನ್ನೂ, ಮೂರು ಸಹಿಯನ್ನೂ ಓದಿದರು. ಅವರ ಮೀಸೆಯ ಅಡಿಯಲ್ಲಿ ಏನೋ ಅಲುಗಿತು. “ಇಷ್ಟು ಚೆನ್ನಾಗಿ ಬರೆದಿಟ್ಟ ತಪ್ಪನ್ನ ನಾನು ನೋಡೇ ಇಲ್ಲ” ಎಂದು ಹೇಳಿ ಮೆಟ್ಟಿಲು ಹತ್ತಿದರು. ಆ ಮಹಡಿಯಿಂದ ಈ ಮಹಡಿಗೆ ಅವರ ನಗು ಕೇಳಿಸಿತಂತೆ, ನರ್ಸ್‌ಗಳು ಆಮೇಲೆ ಹೇಳಿದರು.

ಐದು ಗಂಟೆಗೆ ಗಂಡ ಹೆಂಡತಿ ಜೊತೆಯಾಗಿ ಹೊರಟರು. ಬಿಸಿಲು ಇಳಿದಿತ್ತು, ರಸ್ತೆಯಲ್ಲಿ ಶಾಲೆಯ ಬಸ್ಸುಗಳು ಹೋಗುತ್ತಿದ್ದವು. ಅಕ್ಕನ ಮೈಯೆಲ್ಲ ಹಗುರಾಗಿತ್ತು. ಇನ್ನು ಯಾರಿಗೂ ಏನನ್ನೂ ಹೇಳಬೇಕಾದ ಅಗತ್ಯವೇ ಇರಲಿಲ್ಲ. ಗುಟ್ಟು ಗುಟ್ಟಾಗಿಯೇ ಉಳಿದಿತ್ತು. ಆದರೆ ಅಷ್ಟು ಹಗುರಾದ ಮೇಲೆ, ಮಿಕ್ಕ ಈ ಒಂದು ಭಾರ ಮಾತ್ರ ಯಾಕೆ ಎನ್ನಿಸಿತು ಅವಳಿಗೆ. ಔಷಧದ ಅಂಗಡಿ ದಾಟಿದ ಮೇಲೆ ನಿಂತಳು.

“ರೀ, ಕೌಂಟರಿಗೆ ನಾನ್ಯಾಕೆ ಅಷ್ಟು ಹೆದರಿದ್ದೆ ಗೊತ್ತಾ? ನನ್ನ ಬಲಗಿವಿ ಕೇಳಲ್ಲ.”

ಯಜಮಾನರೂ ನಿಂತು ಅವಳ ಎದುರಿಗೆ ತಿರುಗಿದರು. “ಯಾವತ್ತಿಂದ?”

“ಆ ಜ್ವರ ಬಂದಿತ್ತಲ್ಲ, ಆವತ್ತಿಂದ. ಎರಡು ವರ್ಷ ಆಯ್ತು.”

“ಸ್ವಲ್ಪನೂ ಕೇಳಲ್ವಾ?”

“ಸ್ವಲ್ಪನೂ ಇಲ್ಲ.”

ಬೈಯುತ್ತಾರೆ ಎಂದು ಅವಳು ಕಾದಳು. ಅವರು ಬೈಯಲಿಲ್ಲ. ಯಂತ್ರದ ಸದ್ದು ಆಲಿಸುವಾಗ ಮಾಡುತ್ತಿದ್ದಂತೆ ತಲೆ ಬಗ್ಗಿಸಿ ನಿಂತಿದ್ದರು.

“ಮನೇಲಿ ಊಟಕ್ಕೆ ಕೂತಾಗ ನಾನು ನಿನ್ನ ಯಾವ ಕಡೆ ಕೂತ್ಕೋತೀನಿ?” ಎಂದು ಕೇಳಿದರು.

“ಬಲಗಡೆ.”

“ಮಲಗೋವಾಗ?”

“ಬಲಗಡೆನೇ. ಎಡಗಿವಿ ದಿಂಬಿಗೆ ಒತ್ತಿರುತ್ತೆ.”

“ಎಷ್ಟು ಸಲ ಏನೇನೋ ಹೇಳಿದೀನಿ. ನೀನು ತಿರುಗಿ ಕೂಡ ನೋಡ್ತಿರ್ಲಿಲ್ಲ” ಎಂದರು ಯಜಮಾನರು. ನೆಲ ನೋಡುತ್ತ ಮುಂದುವರಿಸಿದರು. “ಅಂಗಡಿ ಮುಚ್ಚಿ ಮನೇಲಿ ಕೂತವನ ಮಾತು ಯಾರಿಗೆ ಬೇಕು, ಇವಳಿಗೆ ನಾನು ಸಾಕಾಗಿದೀನಿ ಅಂದ್ಕೊಂಡೆ. ನಿನಗೆ ಯಾಕೆ ತೊಂದರೆ ಅಂತ ಆಮೇಲಾಮೇಲೆ ಮಾತೇ ಬಿಟ್ಟೆ.”

ಅಂಗಡಿ ಹೋದ ಬೇಜಾರಿಗೆ ಗಂಡ ಮೂಕರಾಗಿದ್ದಾರೆ, ಕೆದಕಿದರೆ ಇನ್ನೂ ನೋವಾಗುತ್ತದೆ ಎಂದು ಅವಳೂ ಎರಡು ವರ್ಷ ಸುಮ್ಮನಿದ್ದಳು. ಒಂದೇ ಹಾಸಿಗೆಯಲ್ಲಿ ಒಬ್ಬರು ಮಾತಾಡಿ, ಇನ್ನೊಬ್ಬರು ಕೇಳದೆ, ಇಬ್ಬರೂ ಒಬ್ಬರನ್ನೊಬ್ಬರು ನೋಯಿಸಬಾರದೆಂದು ಗೋಡೆಯ ಕಡೆ ತಿರುಗಿ ಮಲಗಿದ್ದರು.

“ನನಗೆ ಒಂದು ಮಾತೂ ಕೇಳಿಸಿಲ್ಲ ರೀ” ಎಂದಳು. “ಸಾಕಾಗೋದು ಹಾಗಿರಲಿ, ಮನೇಲಿ ಸದ್ದೇ ಇಲ್ಲವಲ್ಲ ಅಂತ ಎಷ್ಟೋ ಸಲ ಅತ್ತಿದೀನಿ.”

ರಸ್ತೆಯ ಬದಿ ಎಂಬುದನ್ನೂ ನೋಡದೆ ಯಜಮಾನರು ಅವಳ ಭುಜ ಹಿಡಿದುಕೊಂಡರು. ಎದೆಯ ಮೇಲಿನ ಕಲ್ಲು ಇಳಿಸಿದವರಂತೆ ಉದ್ದನೆಯ ಉಸಿರು ಬಿಟ್ಟರು. ನಾಳೆಯೇ ಕಿವಿಯ ಡಾಕ್ಟರ ಹತ್ತಿರ ಹೋಗಬೇಕು, ತಾನೂ ಬರುತ್ತೇನೆ, ಇದರಲ್ಲಿ ಮಾತಿಲ್ಲ ಎಂದರು. ಅವಳು ಹೂಂ ಎಂದಳು.

ಆಮೇಲೆ ಅವರು ಅವಳ ಹಿಂದಿನಿಂದ ಸುತ್ತಿ ಎಡಗಡೆಗೆ ಬಂದರು. ಡಬ್ಬಿಯ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ನಡೆಯಲು ಶುರುಮಾಡಿದರು.

“ಹೋದ ವರ್ಷ ನಮ್ಮ ಹಳೇ ಗಿರಾಕಿ ದರ್ಜಿ ಮನೆಗೆ ಬಂದಿದ್ದ. ಆವತ್ತು ಹೇಳಿದ್ದೆ, ನಿನಗೆ ಕೇಳಿಸಿರಲ್ಲ” ಎಂದು ಆರಂಭಿಸಿದರು. ದರ್ಜಿಯಿಂದ ಅವನ ಯಂತ್ರಕ್ಕೆ, ಯಂತ್ರದಿಂದ ಅವನ ಸೊಸೆಗೆ, ಸೊಸೆಯಿಂದ ಮಹಡಿ ಮನೆಯವರ ನೀರಿನ ಜಗಳಕ್ಕೆ ಮಾತು ಹರಿಯಿತು. ಮನೆಯ ಗೇಟು ಬಂದರೂ ಮುಗಿಯಲಿಲ್ಲ. ಅಕ್ಕ ಚಿಲಕದ ಮೇಲೆ ಕೈಯಿಟ್ಟವಳು ತೆಗೆಯದೆ, ಅವರ ಮಾತು ಕೇಳುತ್ತ ನಿಂತಳು.